ಭಾನುವಾರದ ಪಾಟೀಸವಾಲು

ಮೊನ್ನೆ ಸಂಜೆ ಕೋರ್ಟಿನಿಂದ ಆಫೀಸಿಗೆ ಬಂದು ನೋಡಿದರೆ ಮೇಜಿನ ಮೇಲೆ ಐದು ರೆಕಾರ್ಡ್ ಪುಸ್ತಕಗಳು ಸಹಿಗಾಗಿ ಕಾದು ಕೂತಿದ್ದವು. ಐದು ಜನ ಕಾನೂನು ವಿದ್ಯಾರ್ಥಿಗಳು ನಮ್ಮ ಆಫೀಸಿನಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್ ಮಾಡಿದ ದಿನಚರಿ. ಎಂದಿನಂತೆ ಕೊನೇ ಪುಟ ತಿರುವಿ, ಸಹಿ ಗೀಚಿ, ಕಾಫಿಗೆ ಹೋಗಬೇಕಿತ್ತು. ಗ್ರಹಚಾರ, ಮಧ್ಯದ ಒಂದು ಪುಟ ಓದಿಬಿಟ್ಟೆ. ‘ಓದದೆ ಸಹಿ ಹಾಕಬೇಡಿ’ ಎಂದು ಕಕ್ಷಿದಾರರಿಗೆ 22 ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ನಾನೇ ಅದನ್ನು ಪಾಲಿಸಿದ್ದು ಇದೇ ಮೊದಲು.

ಮೂಲ ದಾವೆ. ವಾದಿ ರಾಮಯ್ಯ, ಪ್ರತಿವಾದಿ ಭೀಮಯ್ಯ. ಪಿತ್ರಾರ್ಜಿತ ಜಮೀನಿನ ಪಾಲು. ವಾದಿಯ ಪಾಟೀಸವಾಲು ಎರಡು ಪುಟ ತುಂಬ ನಡೆದಿದೆ. ‘ವಿದ್ವಾನ್ ವಕೀಲರ ತೀಕ್ಷ್ಣ ಪ್ರಶ್ನೆಗಳಿಗೆ ಸಾಕ್ಷಿಯು ತಬ್ಬಿಬ್ಬಾದನು.’ ಆ ವಿದ್ವಾನ್ ವಕೀಲ ನಾನೇ. ಓದಿ ಖುಷಿಯೂ ಆಯಿತು. ತಾರೀಖು ನೋಡಿದೆ: 2-10-2022. ಗಾಂಧಿ ಜಯಂತಿ. ಸಾಲದ್ದಕ್ಕೆ ಅವತ್ತು ಭಾನುವಾರ. ಪುಸ್ತಕದ ಒಡೆಯ ಲಾ ಕಾಲೇಜಿಗೆ ಸೇರಿದ್ದು 2023ರಲ್ಲಿ. ಎರಡನೇ ಪುಸ್ತಕ ತೆಗೆದೆ. ಅಲ್ಲೂ ಅದೇ ರಾಮಯ್ಯ, ಅದೇ ಭೀಮಯ್ಯ, ಸಾಕ್ಷಿ ಅದೇ ಸಾಲಿನಲ್ಲಿ ತಬ್ಬಿಬ್ಬಾಗಿದ್ದ. ಮೂರು, ನಾಲ್ಕು, ಎಲ್ಲವೂ ಅದೇ. ಐದನೆಯದು ಬೇರೆ. ಅದರ ಕಥೆ ಆಮೇಲೆ ಹೇಳುತ್ತೇನೆ, ನನ್ನ ಮರ್ಯಾದೆ ಪ್ರಶ್ನೆ ಅದರಲ್ಲಿದೆ.

ನಾಲ್ಕು ಪುಸ್ತಕದ ಅಕ್ಷರವೂ ಒಂದೇ. ಮುತ್ತು ಪೋಣಿಸಿದ ಹಾಗೆ ದುಂಡಗೆ.

‘ಏನ್ರೀ ಇದು?’ ಎಂದು ನಮ್ಮ ಗುಮಾಸ್ತರನ್ನು ಕೇಳಿದೆ.

‘ಅಂಗಡಿ ಅಕ್ಷರ ಸಾರ್’ ಎಂದರು, ಬೀದಿ ದೀಪ ತೋರಿಸಿದಷ್ಟು ಸಹಜವಾಗಿ.

ಕೋರ್ಟಿನ ಗೇಟಿಗೆ ಎದುರಾಗಿ ಒಂದು ಝೆರಾಕ್ಸ್ ಅಂಗಡಿ ಇದೆ. ಎಲ್ಲ ಜಿಲ್ಲಾ ನ್ಯಾಯಾಲಯದ ಎದುರಿಗೂ ಇರುವಂಥದ್ದೇ. ಸ್ಟಾಂಪು, ವಕಾಲತ್ತು ಫಾರಂ, ಟ್ಯಾಗು, ಹಸಿರು ಕಾಗದದ ಜೊತೆಗೆ ಇಂಟರ್ನ್‌ಶಿಪ್ ಡೈರಿಯೂ ಸಿಗುತ್ತದೆ. ಖಾಲಿ ಬೇಕಾದರೆ ಒಂದು ರೇಟು, ‘ತುಂಬಿದ್ದು’ ಬೇಕಾದರೆ 500 ರೂಪಾಯಿ. ಡೈರಿ ಕೈಬರಹದಲ್ಲೇ ಇರಬೇಕು ಎಂದು ಕಾಲೇಜು ಹಟ ಹಿಡಿದದ್ದರಿಂದ ಅಂಗಡಿಯವನ ನಾದಿನಿಗೆ ಮನೆಯಲ್ಲೇ ಒಂದು ಉದ್ಯೋಗವಾಗಿದೆ. ಇಡೀ ಜಿಲ್ಲೆಯಲ್ಲಿ ಕಾನೂನಿನ ಬಗ್ಗೆ ಅತಿ ಹೆಚ್ಚು ಪುಟ ಬರೆದ ಲೇಖಕಿ ಆಕೆ. ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ. ಆದರೂ ಆಕೆ ಬರೆದ ಪಾಟೀಸವಾಲು ನಾನು ಮಾಡುವುದಕ್ಕಿಂತ ಚೆನ್ನಾಗಿದೆ ಎಂದು ಒಪ್ಪಿಕೊಳ್ಳದಿದ್ದರೆ ತಪ್ಪಾಗುತ್ತದೆ.

ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳನ್ನು ಓದಿದವರಿಗೆ ಕಣ್ಣಲ್ಲಿ ನೀರು ಬರಬೇಕು, ಅಷ್ಟು ಚೆನ್ನಾಗಿವೆ. ಮೂರು ವರ್ಷದ ಕೋರ್ಸಿನವರು ಒಟ್ಟು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ವಕೀಲರ ಹತ್ತಿರ, ಸರ್ಕಾರೇತರ ಸಂಸ್ಥೆಯಲ್ಲಿ, ಕಂಪನಿಯಲ್ಲಿ, ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಯಲ್ಲಿ, ಕೊನೆಗೆ ಶಾಸನಸಭೆ, ಸಂಸತ್ತಿನಲ್ಲಿ ಮಾಡಿದರೂ ಆದೀತು. (ಶಾಸನಸಭೆಯಲ್ಲಿ ಹುಡುಗರು ಏನು ಕಲಿಯುತ್ತಾರೋ ಎಂಬ ಭಯವೋ ಏನೋ, ಯಾವ ಇಂಟರ್ನ್‌ಶಿಪ್ಪೂ ಒಂದೇ ಸಮನೆ ನಾಲ್ಕು ವಾರ ಮೀರಬಾರದು ಎಂಬ ಕಟ್ಟುಪಾಡೂ ಇದೆ.) ಕೊನೇ ವರ್ಷಗಳಲ್ಲಿ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆಯನ್ನು ಕಣ್ಣಾರೆ ನೋಡಿ ಬರೆಯಬೇಕು, ಅದಕ್ಕೆ 30 ಅಂಕ. ವಕೀಲರು ಕಕ್ಷಿದಾರರ ಜೊತೆ ಮಾತಾಡುವುದನ್ನು ಎರಡು ಸಲ ಕೂತು ಗಮನಿಸಬೇಕು, 15 ಅಂಕ. ದಾವೆ ಕರಡು ಮಾಡಿ ಕೋರ್ಟಿಗೆ ಹಾಕುವ ಕ್ರಮ ನೋಡಬೇಕು, ಇನ್ನೊಂದು 15. ಅಣಕು ನ್ಯಾಯಾಲಯಕ್ಕೆ 30, ಮೌಖಿಕ ಪರೀಕ್ಷೆಗೆ 10. ಹತ್ತು ವರ್ಷ ಅನುಭವ ಇದ್ದು, ಮಕ್ಕಳಿಗೆ ಕಲಿಸಲು ಮನಸ್ಸಿರುವ ವಕೀಲರ ಪಟ್ಟಿಯನ್ನು ಜಿಲ್ಲಾವಾರು ತಯಾರಿಸಬೇಕೆಂದೂ ಇದೆ. ಅದೂ ರಜೆಯಲ್ಲಿ ಕಲಿಸುವ ಮನಸ್ಸಿರುವವರು. ಬೇಸಿಗೆಯಲ್ಲಿ ಕಾಲೇಜಿಗೆ ರಜೆ ಬಂದಾಗ ಸಿವಿಲ್ ಕೋರ್ಟಿಗೂ ರಜೆ ಬಂದಿರುತ್ತದೆ. ಆಗ ಹುಡುಗರು ಖಾಲಿ ಕೋರ್ಟ್ ಹಾಲಿನಲ್ಲಿ ಫ್ಯಾನು ನೋಡಿಕೊಂಡು ಕೂರಬೇಕು. ರಾಮಯ್ಯನನ್ನು ಭಾನುವಾರ ಪಾಟೀಸವಾಲಿಗೆ ಎಳೆದು ತಂದದ್ದು ಇಂಥ ಕಷ್ಟಕ್ಕೇ ಇರಬೇಕು.

ಇಂಟರ್ನ್‌ಶಿಪ್ಪಿನಲ್ಲೂ ಪಂಕ್ತಿಭೇದ ಇದೆ. ಮೊದಲ ಪಂಕ್ತಿಯವರಿಗೆ ಬೆಂಗಳೂರಿನ ಗಾಜಿನ ಕಟ್ಟಡದ ಲಾ ಫರ್ಮು. ಅಲ್ಲಿ ಎಸಿ ಇದೆ, ಕಾಫಿ ಯಂತ್ರ ಇದೆ, ತಿಂಗಳ ಕೊನೆಗೆ ಸ್ಟೈಪೆಂಡೂ ಬರುತ್ತದೆ. ಅದಕ್ಕೆ ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಬೇಕು, ಜೊತೆಗೆ ಹೆಸರಿರುವ ಕಾಲೇಜಿನ ಮೊಹರೂ ಬೇಕು. ಎರಡನೇ ಪಂಕ್ತಿಗೆ ಹೈಕೋರ್ಟಿನ ಅಠಾರಾ ಕಚೇರಿಯ ಕೆಂಪು ಕಂಬಗಳ ನಡುವೆ ಓಡಾಡುವ ಹಿರಿಯ ವಕೀಲರ ಚೇಂಬರು. ಅಲ್ಲಿಗೆ ಅರ್ಜಿ ಬೇಡ, ಸೋದರಮಾವ ಸಾಕು. ಮಾವ ಯಾವ ಪಕ್ಷದಲ್ಲಿದ್ದಾನೆ, ಯಾವ ಮಠಕ್ಕೆ ನಡೆದುಕೊಳ್ಳುತ್ತಾನೆ ಎಂಬುದರ ಮೇಲೆ ಚೇಂಬರು ತೀರ್ಮಾನವಾಗುತ್ತದೆ. ಮೂರನೇ ಪಂಕ್ತಿ ನಮ್ಮದು. ಮೆಡಿಕಲ್ ಸ್ಟೋರಿನ ಮೇಲಿನ ಮಹಡಿ, ಇಬ್ಬರು ಕೂರುವ ಬೆಂಚಿನಲ್ಲಿ ಐವರು, ಫ್ಯಾನಿನ ಕೆಳಗೆ ಹಾರಿಹೋಗದಂತೆ ಫೈಲಿನ ಮೇಲೆ ಇಟ್ಟ ಮೊಬೈಲು. ಇದಕ್ಕೂ ಗತಿಯಿಲ್ಲದವರು ನೇರ ಝೆರಾಕ್ಸ್ ಅಂಗಡಿ. ಎಲೆ ಕೊನೆಗೆ ಬಂದರೂ ಅಲ್ಲಿ ಬಡಿಸುವುದು ಮಾತ್ರ ಪೂರ್ತಿ ಊಟ.

ಈಚೆಗೆ ಇನ್ನೊಂದು ಬಗೆ ಬಂದಿದೆ, ಮನೆಯಲ್ಲೇ ಕೂತು ಮಾಡುವ ಆನ್‌ಲೈನ್ ಇಂಟರ್ನ್‌ಶಿಪ್. ಇದರಲ್ಲಿ ದುಡಿಯುವವನೇ ದುಡ್ಡು ಕಟ್ಟಬೇಕು. ಹಣ ಕಟ್ಟಿದ ಮೇಲೆ ಒಂದಷ್ಟು ತೀರ್ಪುಗಳ ಸಾರಾಂಶ ಬರೆದುಕೊಟ್ಟರೆ ಹೊಳೆಯುವ ಅಂಚಿನ ಸರ್ಟಿಫಿಕೇಟು ಬರುತ್ತದೆ. ಹಿಂದೆ ಜೀತಕ್ಕಿದ್ದವನಿಗೆ ಊಟವಾದರೂ ಹಾಕುತ್ತಿದ್ದರು.

ಅರ್ಜಿಗಳ ವಿಷಯ ಕೇಳಿ. ಹೋದ ತಿಂಗಳು ನನಗೊಂದು ಇಮೇಲ್ ಬಂತು. ‘ಗೌರವಾನ್ವಿತ ಮೇಡಂ’ ಎಂದು ಶುರುವಾಗಿತ್ತು. ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮತ್ತು ಕಂಪನಿ ವಿಲೀನದ ಕ್ಷೇತ್ರದಲ್ಲಿ ನನ್ನ ಸಾಧನೆಯನ್ನು ಆ ಹುಡುಗ ಬಹಳ ಕಾಲದಿಂದ ಗಮನಿಸುತ್ತಿದ್ದಾನಂತೆ. ನಾನು ಮಾಡುವುದು ಚೆಕ್ ಬೌನ್ಸು, ಪಾಲು ವಿಭಾಗ, ಆಗೀಗ ಒಂದು ಜೀವನಾಂಶ. ನಾನು ನಡೆಸಿದ ಒಂದೇ ವಿಲೀನವೆಂದರೆ ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರ ಎರಡು ಅಕ್ಕಿ ಗಿರಣಿಯನ್ನು ಲೋಕ ಅದಾಲತ್ತಿನಲ್ಲಿ ಒಂದು ಮಾಡಿದ್ದು, ಅದೂ ಆರು ತಿಂಗಳಿಗೆ ಮತ್ತೆ ಒಡೆಯಿತು. ಆದರೂ ಆ ಹುಡುಗನಿಗೆ ಬಾ ಎಂದೆ. ಬಂದ, ಎರಡು ದಿನ ಇದ್ದ, ಬಾಗಿಲ ಹಲಗೆಯ ಪಕ್ಕ ನಿಂತು ಕಪ್ಪು ಕೋಟಿನಲ್ಲಿ ಫೋಟೊ ತೆಗೆಸಿಕೊಂಡ. ತಿಂಗಳ ಕೊನೆಗೆ ಲಿಂಕ್ಡ್‌ಇನ್‌ನಲ್ಲಿ ಘೋಷಣೆ ಬಂತು: ಇಂಥ ಚೇಂಬರಿನಲ್ಲಿ ಕಾರ್ಯತಂತ್ರ ರೂಪಿಸುವ ಹೊಣೆ ಹೊತ್ತು ಧನ್ಯನಾದೆ. ಅವನು ಹೊತ್ತದ್ದು ಬಾರ್ ಅಸೋಸಿಯೇಷನ್ ಕ್ಯಾಂಟೀನಿನಿಂದ ನಾಲ್ಕು ಕಾಫಿ. ಒಂದು ಚೆಲ್ಲಿತ್ತು.

ಕೋಟಿನ ವಿಷಯಕ್ಕೆ ಬಂದರೆ, ನಿಯಮದಲ್ಲಿ ಕಲಿಯುವವರಿಗೂ ಕಪ್ಪು ಕೋಟು, ಕಪ್ಪು ಟೈ ಇದೆ. ಇದರಿಂದ ತಮಗೂ ಹುಡುಗರಿಗೂ ವ್ಯತ್ಯಾಸ ತಿಳಿಯುವುದಿಲ್ಲ ಎಂದು 2022ರ ನವೆಂಬರಿನಲ್ಲಿ ದಿಲ್ಲಿಯ ಶಹದರಾ ಬಾರ್ ಅಸೋಸಿಯೇಷನ್ ಇಂಟರ್ನ್‌ಗಳು ನೀಲಿ ಕೋಟು ಹಾಕಬೇಕೆಂದು ಠರಾವು ಮಾಡಿತು. ಕೆಲವೇ ದಿನಗಳಲ್ಲಿ ದಿಲ್ಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಮೂವತ್ತು ವರ್ಷ ವಕೀಲಿಕೆ ಮಾಡಿದವರನ್ನೂ ನಿನ್ನೆ ಬಂದ ಹುಡುಗನನ್ನೂ ಬೇರೆ ಮಾಡಿ ತೋರಿಸುವುದು ಬಟ್ಟೆಯ ಬಣ್ಣ ಒಂದೇ ಎಂದು ವಕೀಲರೇ ಒಪ್ಪಿಕೊಂಡ ದಾಖಲೆ ಅದು. ಜೋಪಾನವಾಗಿ ಇಡಬೇಕು.

ನಾಲ್ಕು ವಾರ ಹುಡುಗರು ಏನು ಕಲಿಯುತ್ತಾರೆ? ನನ್ನಿಂದ ಏನೂ ಇಲ್ಲ. ನಾನು ಒಂದನೇ ಕೋರ್ಟಿನಿಂದ ಮೂರನೇ ಕೋರ್ಟಿಗೆ ಓಡುವಾಗ ಅವರು ಹಿಂದೆ ಓಡುತ್ತಾರೆ, ಅಷ್ಟೆ. ಕಲಿಸುವವರು ಗುಮಾಸ್ತರು. ಯಾವ ಕಾಗದ ಮೇಲೆ, ಯಾವುದು ಕೆಳಗೆ, ಟ್ಯಾಗು ಎಲ್ಲಿ ಚುಚ್ಚಬೇಕು, ಪುಟಸಂಖ್ಯೆ ತಪ್ಪಿದರೆ ಆಫೀಸ್ ಆಬ್ಜೆಕ್ಷನ್ ಹೇಗೆ ಬರುತ್ತದೆ, ಶಿರಸ್ತೇದಾರರ ಮೇಜಿನ ಎದುರು ಎಷ್ಟು ದೂರದಲ್ಲಿ ನಿಂತು ಎಷ್ಟು ಬಗ್ಗಬೇಕು, ಕಾಪಿಂಗ್ ಸೆಕ್ಷನ್ನಿನಲ್ಲಿ ನಕಲು ‘ರೆಡಿ ಆಗಿಲ್ಲ’ ಎಂದರೆ ಅದರ ನಿಜವಾದ ಅರ್ಥವೇನು, ಇವೆಲ್ಲ ಯಾವ ಪಠ್ಯದಲ್ಲೂ ಇಲ್ಲ. ನಮ್ಮ ಗುಮಾಸ್ತರು ಎಸ್ಸೆಸ್ಸೆಲ್ಸಿ ಫೇಲು. ಅವರ ಕೈಯಲ್ಲಿ ಪಳಗಿದ ಮೂವರು ಈಗ ಸಿವಿಲ್ ನ್ಯಾಯಾಧೀಶರು. ನಿಯಮದ ಪ್ರಕಾರ ಸರ್ಟಿಫಿಕೇಟು ಕೊಡುವ ಯೋಗ್ಯತೆ ಮಾತ್ರ ಇರುವುದು ನನಗೆ.

ಆ ಸರ್ಟಿಫಿಕೇಟಿನ ನಮೂನೆ ನಮ್ಮ ಕಂಪ್ಯೂಟರಿನಲ್ಲಿ ಇದೆ. ‘ಶಿಸ್ತು, ಶ್ರದ್ಧೆ ಮತ್ತು ಕಲಿಕೆಯ ಹಂಬಲದಿಂದ ದುಡಿದ ಶ್ರೀ/ಕುಮಾರಿ’ ಎಂದಿದೆ. ಬೇಡದ್ದನ್ನು ಹೊಡೆದುಹಾಕುವುದನ್ನೂ ನಾವು ಮರೆಯುತ್ತೇವೆ. ಸುಳ್ಳೆಂದು ಗೊತ್ತಿದ್ದೂ ಸರ್ಟಿಫಿಕೇಟಿಗೆ ಸಹಿ ಹಾಕುವುದು ಹಳೇ ಐಪಿಸಿಯಲ್ಲಿ 197ನೇ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 234. ಅದು ಕಾನೂನು ಕೇಳುವ ಸರ್ಟಿಫಿಕೇಟಿಗೆ ಮಾತ್ರ, ಇಂಟರ್ನ್‌ಶಿಪ್ಪಿನದು ಆ ಲೆಕ್ಕಕ್ಕೆ ಬರುವುದಿಲ್ಲ ಎಂದು ವಾದಿಸಬಹುದು. ಬರುತ್ತದೆ ಎಂದೂ ವಾದಿಸಬಹುದು. ಫೀಸು ಕೊಡುವವರು ಸಿಕ್ಕರೆ ಎರಡಕ್ಕೂ ಸಿದ್ಧನಿದ್ದೇನೆ. ಆದರೆ ಒಂದು ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ನಿಂತಿದೆ. ಮುಂದೆ ನಲವತ್ತು ವರ್ಷ ‘ಇದು ಸತ್ಯ, ಸತ್ಯವಲ್ಲದೆ ಬೇರೇನಿಲ್ಲ’ ಎಂದು ಸಾಕ್ಷಿಗಳಿಂದ ಹೇಳಿಸಬೇಕಾದ ಮಕ್ಕಳು ಈ ವೃತ್ತಿಯಲ್ಲಿ ತಯಾರಿಸುವ ಮೊದಲ ದಾಖಲೆಯೇ ಸುಳ್ಳು ದಾಖಲೆ. ಅದನ್ನು ದೃಢೀಕರಿಸುವವನು ನಾನು. ನಮ್ಮಲ್ಲಿ ಇದಕ್ಕೆ ಅಕ್ಷರಾಭ್ಯಾಸ ಎನ್ನುತ್ತಾರೆ.

ವಕೀಲನಾಗುವವನು ಕೆಲಸ ಕಲಿತಿರಬೇಕೇ ಬೇಡವೇ ಎಂಬುದೇ ಈ ದೇಶದಲ್ಲಿ ಇನ್ನೂ ಮುಗಿಯದ ದಾವೆ. 1961ರಲ್ಲಿ ಅಡ್ವೊಕೇಟ್ಸ್ ಆಕ್ಟ್ ಬಂದಾಗ ಸನ್ನದು ಬೇಕಾದರೆ ತರಬೇತಿ, ಅದರ ಮೇಲೊಂದು ಪರೀಕ್ಷೆ ಎಂದಿತ್ತು. 1973ರ ತಿದ್ದುಪಡಿಯಲ್ಲಿ ಅದನ್ನು ಕಿತ್ತುಹಾಕಿದರು. 1995ರಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ಮತ್ತೆ ಜ್ಞಾನೋದಯವಾಗಿ, ಅನುಭವಿ ವಕೀಲರ ಕೈಕೆಳಗೆ ಒಂದು ವರ್ಷ ಕಲಿತು ಬನ್ನಿ ಎಂದಿತು. 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಾಗೆ ಹೇಳಲು ನಿನಗೆ ಅಧಿಕಾರವೇ ಇಲ್ಲ ಎಂದು ಕಿವಿ ಹಿಂಡಿತು. 2023ರ ಫೆಬ್ರವರಿಯಲ್ಲಿ ಅದೇ ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ, ಆ 1999ರ ತೀರ್ಪು ಸರಿಯಿಲ್ಲ ಎಂದಿತು. ಅಷ್ಟರಲ್ಲಿ ಎರಡು ತಲೆಮಾರು ಕೋರ್ಟಿನಲ್ಲೇ, ಕಕ್ಷಿದಾರರ ತಲೆ ಮೇಲೇ ಕ್ಷೌರ ಕಲಿತು ಮುಗಿಸಿತ್ತು. ನಾನೂ ಆ ಸಾಲಿನವನೇ. ಮೊದಲ ಜಾಮೀನು ಅರ್ಜಿಯಲ್ಲಿ ಆರೋಪಿಯ ಹೆಸರಿನ ಜಾಗದಲ್ಲಿ ನನ್ನ ಹೆಸರು ಟೈಪು ಮಾಡಿಸಿದ್ದೆ.

2025ರ ಮೇ ತಿಂಗಳಲ್ಲಿ ಇನ್ನೊಂದು ತೀರ್ಪು ಬಂತು: ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರಬೇಕಾದರೆ 3 ವರ್ಷ ವಕೀಲಿಕೆ ಮಾಡಿರಬೇಕು. ಸರಿಯಾದ ಮಾತೇ. ಮಾಡಿದ್ದಾರೆ ಎಂಬುದಕ್ಕೆ 10 ವರ್ಷ ಅನುಭವ ಇರುವ ವಕೀಲರ ಸರ್ಟಿಫಿಕೇಟು, ಅದರ ಮೇಲೆ ನ್ಯಾಯಾಧೀಶರ ದೃಢೀಕರಣ. ಈ ಸುದ್ದಿ ಬಂದ ವಾರವೇ ಝೆರಾಕ್ಸ್ ಅಂಗಡಿಯವನು ನನ್ನ ಹತ್ತಿರ ಬಂದು, ‘ಸಾರ್, ಹೊಸದರ ಫಾರ್ಮ್ಯಾಟ್ ಯಾವಾಗ ಬರುತ್ತೆ?’ ಎಂದು ವಿಚಾರಿಸಿಕೊಂಡು ಹೋದ. ಈ ವೃತ್ತಿಯ ಭವಿಷ್ಯದ ಬಗ್ಗೆ ನಿಜವಾದ ಆಸಕ್ತಿ ಇರುವವನು ಅವನೊಬ್ಬನೇ.

ದುಡ್ಡಿನ ಮಾತು ನಮ್ಮಲ್ಲಿ ಆಡಬಾರದು, ಇದು ಉದಾತ್ತ ವೃತ್ತಿ. ಸಿಎ ಕಲಿಯುವ ಮಕ್ಕಳಿಗೆ ಆರ್ಟಿಕಲ್‌ಶಿಪ್ಪಿನಲ್ಲಿ ಇಷ್ಟಾದರೂ ಸ್ಟೈಪೆಂಡ್ ಕೊಡಲೇಬೇಕೆಂದು ನಿಯಮವೇ ಇದೆ. ನಮ್ಮಲ್ಲಿ ಇಂಟರ್ನ್ ಬಿಡಿ, ಸನ್ನದು ಪಡೆದು ಕೋಟು ಹಾಕಿದ ಜೂನಿಯರಿಗೇ ಗತಿಯಿಲ್ಲ. 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಒಂದು ಸುತ್ತೋಲೆ ಹೊರಡಿಸಿ, ನಗರದಲ್ಲಿ ಜೂನಿಯರಿಗೆ ತಿಂಗಳಿಗೆ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿ ಕೊಡುವುದು ಒಳ್ಳೆಯದು ಎಂದು ಸಲಹೆ ಮಾಡಿತು. ಅದನ್ನು ನಮ್ಮ ಬಾರ್ ಅಸೋಸಿಯೇಷನ್ ನೋಟಿಸ್ ಬೋರ್ಡಿಗೆ ಅಂಟಿಸಿದ್ದರು. ಸೀನಿಯರುಗಳು ಗುಂಪು ಗುಂಪಾಗಿ ಬಂದು ನಿಂತು, ವಸ್ತುಪ್ರದರ್ಶನದಲ್ಲಿ ಎರಡು ತಲೆಯ ಕರು ನೋಡುವ ಹಾಗೆ ನೋಡಿಕೊಂಡು ಹೋದರು. ‘ನಮಗೆ ಯಾರು ಕೊಟ್ಟಿದ್ರು?’ ಎಂಬುದು ಅಂದಿನ ಸರ್ವಾನುಮತದ ತೀರ್ಪು. ಅತ್ತೆಯಿಂದ ಸೊಸೆಗೆ ಬರುವ ಬಳುವಳಿ ಇದು, ಒಂದು ತಲೆಮಾರೂ ತಪ್ಪದ ಹಾಗೆ ದಾಟಿಸುತ್ತೇವೆ.

ಈಗ ಐದನೇ ಪುಸ್ತಕ.

ಅದರ ಒಡತಿ ಹೋಬಳಿಯೊಂದರಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಹುಡುಗಿ. ಶಕ್ತಿ ಯೋಜನೆಯ ಉಚಿತ ಬಸ್ಸು ಇಲ್ಲದಿದ್ದರೆ ಬರುತ್ತಲೇ ಇರಲಿಲ್ಲ ಎಂದು ಒಮ್ಮೆ ಹೇಳಿದ್ದಳು. ವಕೀಲಿಕೆ ಕಲಿಯಲು ಅವಳಿಗೆ ಸಿಕ್ಕಿದ ಒಂದೇ ನೆರವು ಕೆಎಸ್ಆರ್‌ಟಿಸಿಯದು. ಇಪ್ಪತ್ತೊಂದು ದಿನವೂ ಬಂದಳು. ಯಾರೋ ‘ಡೈರಿ ಬರೀಬೇಕು’ ಎಂದಿದ್ದನ್ನು ಕೇಳಿ, ಪಾಪ, ಡೈರಿ ಬರೆದಿದ್ದಾಳೆ.

‘ದಿನ 1. ಸಾರ್ 10.30ಕ್ಕೆ ಬರಲು ಹೇಳಿದ್ದರು. ಬಂದೆ. ಬೀಗ ಹಾಕಿತ್ತು. 11.10ಕ್ಕೆ ಗುಮಾಸ್ತರು ಬಂದು, ನೀನು ಯಾರ ಕಡೆಯವಳು ಎಂದು ಕೇಳಿದರು. ಯಾರ ಕಡೆಯೂ ಅಲ್ಲ ಎಂದೆ. ಹಾಗಿದ್ರೆ ಅಲ್ಲಿ ಕೂತ್ಕೋಮ್ಮ ಎಂದರು. ಸಾರ್ 12.20ಕ್ಕೆ ಬಂದರು.’

‘ದಿನ 4. ಇವತ್ತು 14 ಕೇಸು. 12ರಲ್ಲಿ ಡೇಟು. ಒಂದರಲ್ಲಿ ಸಾಹೇಬರು ಸಾಕ್ಷಿ ಎಲ್ಲಿ ಎಂದು ಕೇಳಿದರು. ಸಾಕ್ಷಿಗೆ ವಾಂತಿಭೇದಿ, ಹಾಸಿಗೆ ಹಿಡಿದಿದ್ದಾರೆ ಎಂದು ಸಾರ್ ಹೇಳಿದರು. ಹೊರಗೆ ಬಂದಾಗ ಸಾಕ್ಷಿ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ನನಗೂ ಕೊಟ್ಟರು.’

‘ದಿನ 9. ಕಕ್ಷಿದಾರರ ಸಂದರ್ಶನದ ವೀಕ್ಷಣೆ (15 ಅಂಕ). ಒಬ್ಬರು ಅಜ್ಜಿ ಬೆಳಿಗ್ಗೆ ಎಂಟಕ್ಕೇ ಬಂದು ಕಾದಿದ್ದರು. ಸಂದರ್ಶನ ನಾಲ್ಕು ನಿಮಿಷ, ಅದರಲ್ಲಿ ಮೂರು ನಿಮಿಷ ಸಾರ್ ಫೋನಿನಲ್ಲಿದ್ದರು. ಹೊರಗೆ ಬಂದು ಅಜ್ಜಿ, ಕೇಸು ಏನಾಯ್ತು ಮಗಾ ಎಂದು ನನ್ನನ್ನು ಕೇಳಿದರು. ಡೇಟು ಆಗಿದೆ ಅಜ್ಜಿ ಎಂದೆ. ಅದು ಒಳ್ಳೇದಾ ಕೆಟ್ಟದ್ದಾ ಎಂದರು. ಗೊತ್ತಾಗದೆ ಗುಮಾಸ್ತರನ್ನು ಕೇಳಿದೆ. ಯಾರಿಗೆ ಎಂದರು.’

‘ದಿನ 13. ಇಂಜಂಕ್ಷನ್ ದಾವೆಯ ಕರಡು (15 ಅಂಕ). ಹಳೇ ದಾವೆಯೊಂದನ್ನು ಕಂಪ್ಯೂಟರಿನಲ್ಲಿ ತೆರೆದು ಹೆಸರು, ಸರ್ವೆ ನಂಬರು ಬದಲಿಸಲಾಯಿತು. ಚಕ್ಕುಬಂದಿ ಬದಲಿಸಲು ಮರೆತಿದ್ದರು. ಪೂರ್ವಕ್ಕೆ ಬೇರೆ ಊರಿನ ಕೆರೆ ಹಾಗೇ ಉಳಿದಿತ್ತು. ನಾನು ತೋರಿಸಿದೆ. ಸಾರ್ ಚೆನ್ನಾಗಿ ಗಮನಿಸ್ತೀಯಮ್ಮ ಎಂದರು.’

ಹದಿಮೂರನೇ ದಿನದ ಹತ್ತಿರ ನಾನು ಸ್ವಲ್ಪ ಹೊತ್ತು ನಿಂತೆ. ಝೆರಾಕ್ಸ್ ಅಂಗಡಿಯವನ ಮೇಲೆ ಬಂದಿದ್ದ ಸಿಟ್ಟು ಇಳಿದು, ಒಂದು ಬಗೆಯ ಸೋದರಭಾವ ಮೂಡಿತ್ತು.

ಮಾರನೇ ದಿನ ಹುಡುಗಿಯನ್ನು ಕರೆಸಿದೆ. ಕೋಟಿನ ತೋಳು ಉದ್ದವಾಗಿ ಬೆರಳು ಮುಚ್ಚಿದ್ದವು. ಅಣ್ಣನದೋ ಯಾರದೋ ಇರಬೇಕು.

‘ಏನಮ್ಮ, ಇದನ್ನ ಹೀಗೇ ಕಾಲೇಜಿಗೆ ಕೊಡ್ತೀಯಾ?’

‘ತಪ್ಪಿದೆಯಾ ಸಾರ್?’

ತಪ್ಪಿಲ್ಲ. ತೊಂದರೆ ಇರುವುದೇ ಅಲ್ಲಿ. ಇದಕ್ಕೆ ಸಹಿ ಹಾಕಿದರೆ ನಾನು 12.20ಕ್ಕೆ ಬಂದದ್ದು, ವಾಂತಿಭೇದಿ, ಚಕ್ಕುಬಂದಿ ಎಲ್ಲಕ್ಕೂ ತಪ್ಪೊಪ್ಪಿಗೆ ಬರೆದುಕೊಟ್ಟ ಹಾಗೆ. ಸಹಿ ಹಾಕದಿದ್ದರೆ, ನನ್ನ ಆಫೀಸಿಗೆ ನಿಜವಾಗಿ ಬಂದ ಒಬ್ಬಳೇ ಇಂಟರ್ನ್ ಬಂದಿಲ್ಲ ಎಂದ ಹಾಗೆ. ನಾಲ್ಕು ಸುಳ್ಳಿಗೆ ಸಹಿ ಹಾಕಲು ನನಗೆ ಅರ್ಧ ನಿಮಿಷ ಹಿಡಿದಿರಲಿಲ್ಲ.

‘ಹಾಗಲ್ಲಮ್ಮ, ಪರೀಕ್ಷೆಗೆ ಬರುವವರು ಒಂದು ಕ್ರಮ ನಿರೀಕ್ಷೆ ಮಾಡ್ತಾರೆ. ವಿಚಾರಣೆ ಅಂದ್ರೆ ವಿಚಾರಣೆ ಇರಬೇಕು. ನೀನು ಡೇಟು ಬರೆದಿದ್ದೀಯ.’

‘ಅದೇ ಆಯ್ತಲ್ಲ ಸಾರ್.’

ಗುಮಾಸ್ತರು ಫೈಲು ಹುಡುಕುವ ನೆಪದಲ್ಲಿ ಬೀರುವಿನೊಳಗೆ ತಲೆ ಹಾಕಿದರು. ಭುಜ ಅಲುಗಾಡುತ್ತಿತ್ತು.

‘ಎದುರುಗಡೆ ಅಂಗಡಿಯಲ್ಲಿ ಒಂದು ಮಾದರಿ ಸಿಗುತ್ತೆ’ ಎಂದೆ. ‘ರಾಮಯ್ಯ, ಭೀಮಯ್ಯ ಅಂತ ಪಾಲಿನ ಕೇಸು. ಅದರಲ್ಲಿ ಎಲ್ಲ ಸರಿಯಾಗಿದೆ. ಸೀನಿಯರು ಸಮಯಕ್ಕೆ ಸರಿಯಾಗಿ ಬರ್ತಾರೆ. ತಾರೀಖು ಮಾತ್ರ ಒಂದು ಸಲ ಕ್ಯಾಲೆಂಡರ್ ನೋಡಿ ತಿದ್ದಿಸ್ಕೋ.’

‘ಅದಕ್ಕೆ 500 ಆಗುತ್ತಂತೆ ಸಾರ್.’ ಅವಳಿಗೆ ರೇಟು ಗೊತ್ತಿತ್ತು. ವಿಚಾರಿಸಿ ಬಂದಿದ್ದಾಳೆ, ಕೈಯಲ್ಲಿ ದುಡ್ಡಿಲ್ಲದೆ ನಿಜ ಬರೆದಿದ್ದಾಳೆ.

ಜೇಬಿಗೆ ಕೈ ಹಾಕಿ 500ರ ನೋಟು ತೆಗೆದುಕೊಟ್ಟೆ. ಇಷ್ಟು ವರ್ಷದಲ್ಲಿ ನಮ್ಮ ಆಫೀಸು ಒಬ್ಬ ಇಂಟರ್ನ್‌ಗೆ ಕೊಟ್ಟ ಮೊದಲ ಸ್ಟೈಪೆಂಡು. ಹುಡುಗಿ ನೋಟನ್ನು ಮಡಚಿ ಇಟ್ಟುಕೊಂಡಳು, ಬೆಂಚಿನ ತುದಿಗೆ ಕೂತಳು, ಪುಸ್ತಕ ತೊಡೆಯ ಮೇಲೆ ಬಿಡಿಸಿ ಪೆನ್ನಿನ ಮುಚ್ಚಳ ತೆಗೆದಳು.

‘ಏನಮ್ಮ ಬರೀತಿದ್ದೀಯ?’

‘ಇವತ್ತಿನದು ಸಾರ್.’